ಕಂಪ್ಯೂಟರ್ ಆರಿಸುವ ಚಿಕಿತ್ಸೆಗೆ ತಂಗಿ ಒಪ್ಪಬೇಕೆ?

ಪ್ರಶ್ನೆ: ನನ್ನ ತಂಗಿಗೆ 22 ವರ್ಷ. ಚೊಚ್ಚಲ ಬಸುರಿ, ಈಗ ಐದನೇ ತಿಂಗಳು. ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ತೋರಿಸಿದಾಗ ಎಚ್‌ಬಿ 8.6 ಇದೆ, ರಕ್ತ ಕಡಿಮೆ ಎಂದರು. ಕಬ್ಬಿಣದ ಮಾತ್ರೆ ಮತ್ತು ಕಬ್ಬಿಣದ ಡ್ರಿಪ್ ಇವೆರಡರಲ್ಲಿ ಯಾವುದು ಮೇಲು ಎಂದು ನೋಡುವ ಸ್ಟಡಿ ನಡೆಯುತ್ತಿದೆ, ಸೇರುತ್ತೀರಾ ಎಂದು ಕೇಳಿದ್ದಾರೆ. ಯಾರಿಗೆ ಮಾತ್ರೆ, ಯಾರಿಗೆ ಡ್ರಿಪ್ ಎಂಬುದನ್ನು ಡಾಕ್ಟರಲ್ಲ, ಕಂಪ್ಯೂಟರ್ ತೀರ್ಮಾನಿಸುತ್ತದಂತೆ. ಖರ್ಚೆಲ್ಲ ಅವರದೇ, ಬಸ್ ಚಾರ್ಜೂ ಕೊಡುತ್ತಾರಂತೆ. ಹನ್ನೆರಡು ಪುಟದ ಫಾರಂ ಕೊಟ್ಟಿದ್ದಾರೆ. ಅದರಲ್ಲಿ ವರಮಾನ ಎಷ್ಟು, ನಾಮಿನಿ ಯಾರು ಎಂದೆಲ್ಲ ಕೇಳಿದ್ದಾರೆ. ನಾಮಿನಿ ಎಂದು ಓದಿದ್ದೇ ತಂಗಿಯ ಅತ್ತೆ, ‘ನನ್ನ ಸೊಸೆ ಮೇಲೆ ಪ್ರಯೋಗ ಮಾಡೋದು ಬ್ಯಾಡ’ ಎಂದು ಹಟ ಹಿಡಿದಿದ್ದಾರೆ. ತಂಗಿಯ ಗಂಡ, ‘ಪುಕ್ಕಟೆ ಸಿಗ್ತದ, ನಾನೇ ಸಹಿ ಮಾಡ್ತೀನಿ’ ಎನ್ನುತ್ತಿದ್ದಾನೆ. ಯಾವುದು ಒಳ್ಳೆಯದೋ ಅದನ್ನೇ ಡಾಕ್ಟರ್ ಕೊಡಬಾರದೇಕೆ? ನಾವು ಏನು ಮಾಡಬೇಕು?
ಓದುಗರೊಬ್ಬರು, ಮುಧೋಳ

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಬೇಡ ಎಂದರೆ ನಿಮ್ಮ ತಂಗಿಗೆ ಯಾವ ನಷ್ಟವೂ ಇಲ್ಲ. ಅದೇ ಆಸ್ಪತ್ರೆ ಆಕೆಯ ರಕ್ತಹೀನತೆಗೆ ಎಂದಿನ ಚಿಕಿತ್ಸೆ ಕೊಡಲೇಬೇಕು. ಸೇರಿದರೂ, ನೀವು ಬರೆದಿರುವಷ್ಟನ್ನು ನೋಡಿದರೆ, ಹೆದರುವಂಥದ್ದು ನನಗೆ ಕಾಣುವುದಿಲ್ಲ. ಎರಡೂ ಗುಂಪಿಗೆ ಕಬ್ಬಿಣ ಸಿಗುತ್ತದೆ, ಯಾರನ್ನೂ ಔಷಧವಿಲ್ಲದೆ ಬಿಡುವುದಿಲ್ಲ. ಕೆಳಗೆ ಹೇಳುವ ಕೆಲವು ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಕ್ಕರೆ ಸೇರಬಹುದು ಎಂದೇ ನನ್ನ ಅಭಿಪ್ರಾಯ. ಆದರೆ ತೀರ್ಮಾನ ಅತ್ತೆಯದಲ್ಲ, ಗಂಡನದಲ್ಲ, ಅಣ್ಣನಾದ ನಿಮ್ಮದೂ ಅಲ್ಲ. ಅದು ಆಕೆಯದು. ಈ ಮಾತಿಗೆ ಮತ್ತೆ ಬರುತ್ತೇನೆ.

ನಾಮಿನಿಯ ಭಯವನ್ನು ಮೊದಲು ಬಿಡಿಸೋಣ. ಅದು ಆ ಆಸ್ಪತ್ರೆಯವರು ತಾವಾಗಿ ಸೇರಿಸಿದ ಕಲಂ ಅಲ್ಲ. ಕೇಂದ್ರ ಸರ್ಕಾರ 2019ರಲ್ಲಿ ತಂದ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ (ಚಿಕಿತ್ಸೆಯನ್ನು ಜನರಲ್ಲಿ ಪರೀಕ್ಷಿಸಿ ನೋಡುವ ಇಂಥ ಸ್ಟಡಿ) ನಿಯಮಗಳಲ್ಲಿ ಒಪ್ಪಿಗೆ ಪತ್ರ ಹೇಗಿರಬೇಕೆಂಬ ನಮೂನೆಯೇ ಇದೆ. ವಿದ್ಯಾರ್ಹತೆ, ಉದ್ಯೋಗ, ವಾರ್ಷಿಕ ವರಮಾನ, ನಾಮಿನಿ ಎಲ್ಲವೂ ಅದರಲ್ಲಿ ಬರುತ್ತವೆ. ಟ್ರಯಲ್‌ನ ಕಾರಣದಿಂದಲೇ ಸಾವು ಸಂಭವಿಸಿದರೆ ಪರಿಹಾರದ ಹಣ ಯಾರಿಗೆ ಸೇರಬೇಕು ಎಂದು ತಿಳಿಯಲು ನಾಮಿನಿ ಬೇಕು. ಈ ಕಲಂ ಬಂದದ್ದೇ ರೋಗಿಯ ಕುಟುಂಬದ ರಕ್ಷಣೆಗೆ. ಅತ್ತೆಯವರಿಗೆ ಇದನ್ನು ಬಿಡಿಸಿ ಹೇಳಿ. ಆ ಕಲಂ ಇಲ್ಲದ ಫಾರಂ ಕೈಗೆ ಬಂದಿದ್ದರೆ ನನಗೆ ಹೆಚ್ಚು ಅನುಮಾನ ಬರುತ್ತಿತ್ತು.

ಈಗ ನಿಮ್ಮ ಮುಖ್ಯ ಪ್ರಶ್ನೆ: ಒಳ್ಳೆಯದು ಯಾವುದೋ ಅದನ್ನೇ ಕೊಡಬಾರದೇಕೆ? ಯಾವುದು ಒಳ್ಳೆಯದು ಎಂದು ಡಾಕ್ಟರಿಗೂ ಖಚಿತವಾಗಿ ಗೊತ್ತಿಲ್ಲ, ಅದಕ್ಕೇ ಈ ಅಧ್ಯಯನ. ಇದನ್ನು ಒಪ್ಪುವುದು ಜನರಿಗೆ ಕಷ್ಟ. ಬಿಳಿ ಕೋಟು ಹಾಕಿಕೊಂಡು ಕೂತವರಿಗೆ ಗೊತ್ತಿಲ್ಲ ಎಂದರೆ ಯಾರಿಗೆ ಗೊತ್ತಿರಬೇಕು ಎನಿಸುತ್ತದೆ. ಗೊತ್ತಿದೆ ಎಂದುಕೊಂಡು ನಡೆದರೆ ಏನಾಗುತ್ತದೆ ಎಂಬುದಕ್ಕೆ ನಿಮ್ಮ ಪಕ್ಕದ ಬೆಳಗಾವಿ ಜಿಲ್ಲೆಯೂ ಸೇರಿದ್ದ ಒಂದು ದೊಡ್ಡ ಅಧ್ಯಯನವಿದೆ. ಗರ್ಭಿಣಿಯರ ವಿಷಯವೇ ಆದ್ದರಿಂದ ಅದನ್ನು ವಿವರವಾಗಿ ಹೇಳುತ್ತೇನೆ.

ದಿನ ತುಂಬುವ ಮೊದಲೇ ಹುಟ್ಟುವ ಮಗುವಿಗೆ ಶ್ವಾಸಕೋಶ ಬಲಿತಿರುವುದಿಲ್ಲ. ಹೆರಿಗೆಗೆ ಮುಂಚೆ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ ಎಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಎಂಬ ವೈದ್ಯರು 1972ರಲ್ಲಿ ತೋರಿಸಿದರು. ಮುಂದೆ ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ಅದು ಸಾವಿರಾರು ಕೂಸುಗಳನ್ನು ಉಳಿಸಿತು. ಇಂಜೆಕ್ಷನ್ ಅಗ್ಗ, ಕೊಡುವುದು ಸುಲಭ. ಹಾಗಿದ್ದರೆ ಬಡ ದೇಶಗಳ ಹಳ್ಳಿಹಳ್ಳಿಗೂ ಮುಟ್ಟಿಸೋಣ ಎಂಬ ಮಾತು ಎದ್ದಿತು. ಕೇಳಿದರೆ ಯಾರಿಗಾದರೂ ಸರಿಯೆನಿಸುವ ಮಾತು. ಆದರೂ ಪರೀಕ್ಷಿಸಿ ನೋಡೋಣ ಎಂದು ಆರು ದೇಶಗಳಲ್ಲಿ ಒಂದು ಅಧ್ಯಯನ ನಡೆಸಿದರು. ಭಾರತದಿಂದ ಬೆಳಗಾವಿ ಮತ್ತು ನಾಗಪುರ ಸೇರಿದ್ದವು. ಒಟ್ಟು ಸುಮಾರು ಒಂದು ಲಕ್ಷ ಹೆರಿಗೆ. ಕೆಲವು ಪ್ರದೇಶಗಳಲ್ಲಿ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಅವಧಿಗೆ ಮುಂಚಿನ ಹೆರಿಗೆ ಎನಿಸಿದಲ್ಲಿ ಇಂಜೆಕ್ಷನ್ ಕೊಡಿಸಿದರು, ಉಳಿದ ಪ್ರದೇಶಗಳಲ್ಲಿ ಎಂದಿನ ವ್ಯವಸ್ಥೆ ಮುಂದುವರಿಯಿತು. 2015ರಲ್ಲಿ ಫಲಿತಾಂಶ ಬಂದಾಗ ಆ ಕ್ಷೇತ್ರದವರೆಲ್ಲ ದಂಗಾದರು. ಇಂಜೆಕ್ಷನ್ ಹಂಚಿದ ಪ್ರದೇಶಗಳಲ್ಲಿ ಶಿಶುಮರಣ ಇಳಿಯುವ ಬದಲು ಏರಿತ್ತು. ಸಾವಿರ ಜೀವಂತ ಜನನಕ್ಕೆ ಮೊದಲ 28 ದಿನದಲ್ಲಿ ತೀರಿಕೊಂಡ ಕೂಸುಗಳು ಅಲ್ಲಿ 27.4, ಎಂದಿನ ವ್ಯವಸ್ಥೆಯಿದ್ದಲ್ಲಿ 23.9. ತಾಯಂದಿರಲ್ಲಿ ಸೋಂಕೂ ಹೆಚ್ಚಿತ್ತು.

ಹಳ್ಳಿಯಲ್ಲಿ ತಿಂಗಳ ಲೆಕ್ಕ ಖಚಿತವಿರಲಿಲ್ಲ, ಹೊಟ್ಟೆಯ ಅಳತೆಯಿಂದ ಅಂದಾಜು ಮಾಡುತ್ತಿದ್ದರು. ಇಂಜೆಕ್ಷನ್ ಪಡೆದ ಹೆಚ್ಚಿನ ತಾಯಂದಿರಿಗೆ ಹುಟ್ಟಿದ್ದು ತೀರಾ ಸಣ್ಣ ಕೂಸಾಗಿರಲಿಲ್ಲ, ಅವರಿಗೆ ಆ ಔಷಧ ಬೇಕಿರಲಿಲ್ಲ. ನಿಜವಾಗಿ ಬೇಕಿದ್ದ ಕೂಸುಗಳಿಗೆ ಹುಟ್ಟಿದ ಮೇಲೆ ಆರೈಕೆ ಮಾಡುವ ಘಟಕ ಹತ್ತಿರದಲ್ಲಿರಲಿಲ್ಲ. ಹಾಗೆಂದು ಔಷಧವನ್ನೇ ಕೈಬಿಡುವುದೇ? ಇನ್ನೊಂದು ಅಧ್ಯಯನ ಮಾಡಿದರು. ಈ ಸಲ ವಿಶ್ವ ಆರೋಗ್ಯ ಸಂಸ್ಥೆಯೇ ಮುಂದೆ ನಿಂತು, ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೀನ್ಯಾ, ನೈಜೀರಿಯಾಗಳ ಆಸ್ಪತ್ರೆಗಳಲ್ಲಿ, ಸ್ಕ್ಯಾನಿಂಗ್‌ನಿಂದ ತಿಂಗಳ ಲೆಕ್ಕ ಖಚಿತಪಡಿಸಿಕೊಂಡು, 26ರಿಂದ 33 ವಾರ ಆದ 2,852 ಗರ್ಭಿಣಿಯರಲ್ಲಿ ನೋಡಿತು. ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು ಇದರಲ್ಲೂ ಇತ್ತು. 2020ರಲ್ಲಿ ಬಂದ ಉತ್ತರ: ಸ್ಟೀರಾಯ್ಡ್ ಪಡೆದವರ ಕೂಸುಗಳಲ್ಲಿ ಸಾವು ಶೇ 19.6, ಪಡೆಯದವರಲ್ಲಿ ಶೇ 23.5. ಲಾಭ ಅಷ್ಟು ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ನಡುವೆಯೇ ನಿಲ್ಲಿಸಿದರು. ಅದೇ ಔಷಧ ಒಂದು ಕಡೆ ಉಳಿಸಿತು, ಒಂದು ಕಡೆ ಕೊಂದಿತು. ನ್ಯೂಜಿಲೆಂಡಿನ ಉತ್ತರವನ್ನು ಹಾಗೆಯೇ ಗೋಕಾಕಕ್ಕೋ ಮುಧೋಳಕ್ಕೋ ತಂದು ಹಚ್ಚಲಾಗದು. ನಮ್ಮ ಹೆಣ್ಣುಮಕ್ಕಳ ಮೈಗೆ, ನಮ್ಮ ಆಸ್ಪತ್ರೆಗಳ ಸ್ಥಿತಿಗೆ ಯಾವುದು ಹೊಂದುತ್ತದೆ ಎಂಬುದನ್ನು ಇಲ್ಲೇ ನೋಡಬೇಕು.

ಕಂಪ್ಯೂಟರ್ ಯಾಕೆ ಆರಿಸಬೇಕು ಎಂಬುದಕ್ಕೂ ಇಲ್ಲೇ ಉತ್ತರವಿದೆ. ನಿಮ್ಮ ಕಡೆ ಕಬ್ಬು ಬೆಳೆಯುವವರನ್ನು ಕೇಳಿ. ಹೊಸ ಗೊಬ್ಬರ ಚೆನ್ನಾಗಿದೆಯೇ ನೋಡಲು ಕಾಲುವೆ ಪಕ್ಕದ ಎರೆ ಹೊಲಕ್ಕೆ ಹೊಸದನ್ನೂ ದಿಬ್ಬದ ಮಸಾರಿ ಹೊಲಕ್ಕೆ ಹಳೆಯದನ್ನೂ ಹಾಕಿದರೆ, ಇಳುವರಿ ಹೆಚ್ಚಿದ್ದು ಗೊಬ್ಬರದಿಂದಲೋ ಮಣ್ಣು ನೀರಿನಿಂದಲೋ ಹೇಳಲು ಬರುವುದಿಲ್ಲ. ಡಾಕ್ಟರ್ ಆರಿಸಿದರೂ ಹಾಗೇ ಆಗುತ್ತದೆ. ತೀರಾ ಸುಸ್ತಾದವರಿಗೆ ಅಯ್ಯೋ ಪಾಪ ಎಂದು ಡ್ರಿಪ್ ಹಾಕಬಹುದು, ಇಲ್ಲವೇ ಪೇಟೆಯಲ್ಲಿದ್ದು ಮತ್ತೆ ಮತ್ತೆ ಬರಬಲ್ಲವರಿಗೆ ಹಾಕಬಹುದು. ಆಮೇಲೆ ಎರಡು ಗುಂಪನ್ನು ಹೋಲಿಸಿದರೆ ಔಷಧದ ಗುಣವೂ ಜನರ ಸ್ಥಿತಿಯೂ ಕಲಸಿಹೋಗಿರುತ್ತವೆ. ಯಾರ ಮುಖವನ್ನೂ ನೋಡದೆ ಚೀಟಿ ಎತ್ತಿದಂತೆ ಹಂಚಿದರೆ ಬಡವರು, ಉಳ್ಳವರು, ಹೆಚ್ಚು ಸುಸ್ತಾದವರು, ಕಡಿಮೆ ಸುಸ್ತಾದವರು ಎರಡೂ ಕಡೆ ಸರಿಸುಮಾರು ಸಮನಾಗಿ ಬೀಳುತ್ತಾರೆ.

ಈ ಕ್ರಮ ವೈದ್ಯಕೀಯದಲ್ಲಿ ಹೆಸರು ಮಾಡಿದ್ದು ಬ್ರಿಟನ್‌ನಲ್ಲಿ, ಕ್ಷಯರೋಗದ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಹೊಸದಾಗಿ ಬಂದ ಕಾಲದಲ್ಲಿ. ಯುದ್ಧ ಮುಗಿದ ಹೊಸತು, ಔಷಧ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು ಯಾರಿಗೆ ಯಾವುದು ಎಂಬುದನ್ನು ಮುಚ್ಚಿದ ಲಕೋಟೆಗಳಲ್ಲಿ ಇಡಿಸಿದರು. 1948ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಇಂಜೆಕ್ಷನ್ ಪಡೆದ 55 ಮಂದಿಯಲ್ಲಿ ಆರು ತಿಂಗಳೊಳಗೆ 4 ಸಾವು, ಹಾಸಿಗೆಯ ವಿಶ್ರಾಂತಿ ಮಾತ್ರ ಪಡೆದ 52 ಮಂದಿಯಲ್ಲಿ 14 ಸಾವು. ಇಂದು ಕಂಪ್ಯೂಟರ್ ಮಾಡುವುದು ಆ ಲಕೋಟೆಯ ಕೆಲಸವನ್ನೇ. ಅದು ನಿಮ್ಮ ತಂಗಿಗೆ ಚಿಕಿತ್ಸೆ ಕೊಡುವುದಿಲ್ಲ. ಆಕೆ ಯಾವ ಗುಂಪಿನಲ್ಲಿದ್ದರೂ ನೋಡಿಕೊಳ್ಳುವವರು ಡಾಕ್ಟರೇ.

ಬೆಳಗಾವಿಯದೇ ಇನ್ನೊಂದು ಅಧ್ಯಯನವನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ, ಕನ್ನಡ ನಾಡಿನಲ್ಲಿ ಅದರ ಬಗ್ಗೆ ತಿಳಿದವರು ತೀರಾ ಕಡಿಮೆ. ಹೆರಿಗೆಯಾದ ಕೂಡಲೇ ರಕ್ತ ಹರಿದು ತಾಯಿ ತೀರಿಕೊಳ್ಳುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ತಡೆಯಲು ಇಂಜೆಕ್ಷನ್ ಇತ್ತು, ಆದರೆ ಅದನ್ನು ತಂಪಿನಲ್ಲಿಡಬೇಕು, ಕೊಡಲು ಬಲ್ಲವರು ಬೇಕು. ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಗೆ ಫ್ರಿಜ್ ಬೇಡ, ಸೂಜಿ ಬೇಡ. ಅದು ಕೆಲಸ ಮಾಡುತ್ತದೆಯೇ ಎಂದು 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆಯಾದ 1,620 ತಾಯಂದಿರಲ್ಲಿ ನೋಡಿದರು. ಮಾತ್ರೆ ಕೊಟ್ಟವರು ದೊಡ್ಡ ಡಾಕ್ಟರುಗಳಲ್ಲ, ಎಎನ್‌ಎಂ ಸಿಸ್ಟರುಗಳು. ಹರಿದ ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳಿದರೆ ನಂಬಲಾಗದು ಎಂದು ತಾಯಿಯ ಕೆಳಗೆ ಹಾಸಿ ಅಳೆಯುವ, ಗೆರೆ ಗುರುತಿನ ಪ್ಲಾಸ್ಟಿಕ್ ಹಾಳೆ ಬಳಸಿದರು. ವಿಪರೀತ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. ಚಳಿ ನಡುಕ ಹೆಚ್ಚಾಯಿತು ಎಂಬುದನ್ನೂ ಅವರು ಮುಚ್ಚಿಡದೆ ಬರೆದರು. ಆ ತಾಯಂದಿರಲ್ಲಿ ಅರ್ಧದಷ್ಟು ಮಂದಿಗೆ ಸಿಕ್ಕಿದ್ದು ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಮಾತ್ರೆ. ಆಗ ಆ ಹಳ್ಳಿಗಳಲ್ಲಿ ಸಿಸ್ಟರುಗಳ ಕೈಯಲ್ಲಿ ಬೇರೆ ಔಷಧವಿರಲಿಲ್ಲ ಎಂಬುದು ಅದಕ್ಕೆ ಸಮರ್ಥನೆ. ಆದರೂ ಆ ಗುಂಪಿಗೆ ಬಿದ್ದ ತಾಯಂದಿರ ಋಣ ನಮ್ಮ ಮೇಲಿದೆ ಎಂದು ನಾನು ಭಾವಿಸುತ್ತೇನೆ. 2011ರಲ್ಲಿ ಆ ಮಾತ್ರೆ ಇದೇ ಉದ್ದೇಶಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿ ಸೇರಿತು.

ಇನ್ನು ನಿಮ್ಮ ತಂಗಿಯ ಕಬ್ಬಿಣದ ವಿಷಯ. ಗರ್ಭಿಣಿಗೆ ಎಚ್‌ಬಿ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. 7ರಿಂದ 9.9ರವರೆಗೆ ಮಧ್ಯಮ, 7ಕ್ಕಿಂತ ಕೆಳಗೆ ತೀವ್ರ. 8.6 ಎಂದರೆ ಮಧ್ಯಮ. ಗಾಬರಿ ಬೇಡ, ಉಪೇಕ್ಷೆಯೂ ಬೇಡ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ 52.2 ಮಂದಿ ರಕ್ತಹೀನರು. ಇಷ್ಟು ವರ್ಷದಿಂದ ಸರ್ಕಾರ ಕೆಂಪು ಮಾತ್ರೆ ಹಂಚುತ್ತಿದ್ದರೂ ಈ ಸ್ಥಿತಿ. ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲಬದ್ಧತೆಯಾಗುತ್ತದೆ, ಮಲ ಕಪ್ಪಾಗುತ್ತದೆ. ಎಷ್ಟೋ ಮಂದಿ ಆಶಾ ಕಾರ್ಯಕರ್ತೆಗೆ ನುಂಗಿದೆ ಎಂದು ಹೇಳಿ ಮಾತ್ರೆಯನ್ನು ಡಬ್ಬಿಯಲ್ಲೇ ಇಟ್ಟಿರುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಡ್ರಿಪ್‌ನಲ್ಲಿ ಒಂದೆರಡು ಸಲಕ್ಕೇ ಬೇಕಾದಷ್ಟು ಕಬ್ಬಿಣ ಸೇರುತ್ತದೆ, ಎಚ್‌ಬಿ ಬೇಗ ಏರುತ್ತದೆ.

ಹಾಗಿದ್ದರೆ ಡ್ರಿಪ್ಪೇ ಮೇಲಲ್ಲವೇ? ನನಗೂ ಹಾಗೆ ಅನ್ನಿಸುವುದುಂಟು. ಆದರೆ 2023ರಲ್ಲಿ ಆಫ್ರಿಕಾದ ಮಲಾವಿಯಿಂದ ಒಂದು ಫಲಿತಾಂಶ ಬಂತು. ಅಲ್ಲಿ 862 ಗರ್ಭಿಣಿಯರನ್ನು ಹೀಗೇ ಎರಡು ಗುಂಪು ಮಾಡಿದ್ದರು. 36ನೇ ವಾರದಲ್ಲಿ ನೋಡಿದಾಗ ಡ್ರಿಪ್ ಪಡೆದವರಲ್ಲಿ ಶೇ 52, ಮಾತ್ರೆ ಪಡೆದವರಲ್ಲಿ ಶೇ 57 ಮಂದಿಗೆ ಇನ್ನೂ ರಕ್ತಹೀನತೆ ಇತ್ತು. ಅಷ್ಟು ಅಂತರ ಆಕಸ್ಮಿಕವಾಗಿಯೂ ಬರಬಹುದು. ಕೂಸಿನ ತೂಕದಲ್ಲೂ ವ್ಯತ್ಯಾಸ ಕಾಣಲಿಲ್ಲ. ಆದರೆ ಮಲಾವಿಯಲ್ಲಿ ಮಲೇರಿಯಾ ವಿಪರೀತ, ಮಲೇರಿಯಾ ಇದ್ದಲ್ಲಿ ರಕ್ತಹೀನತೆಯ ಕಾರಣವೇ ಬೇರೆ ಇರಬಹುದು. ಬಾಗಲಕೋಟೆಯ ಹೆಣ್ಣುಮಗಳಿಗೆ ಅದೇ ಉತ್ತರ ಹೊಂದುತ್ತದೆಯೇ? ಎಚ್‌ಬಿ ಏರುವುದೊಂದೇ ಮುಖ್ಯವಲ್ಲ. ತಾಯಿಗೆ ಹೆರಿಗೆಯಲ್ಲಿ ತೊಂದರೆ ಕಡಿಮೆಯಾಯಿತೇ, ಕೂಸು ತೂಕ ಬಂತೇ, ಡ್ರಿಪ್ಪಿನ ಖರ್ಚಿಗೆ ತಕ್ಕ ಫಲ ಸಿಕ್ಕಿತೇ ಎಂಬುದನ್ನೆಲ್ಲ ನೋಡಬೇಕು. ಡಾಕ್ಟರ್ ಗೊತ್ತಿಲ್ಲ ಎನ್ನುತ್ತಿರುವುದು ಇದನ್ನು.

ಅಪಾಯದ ಮಾತನ್ನೂ ಆಡೋಣ. ಕಬ್ಬಿಣದ ಡ್ರಿಪ್‌ನಿಂದ ಅಪರೂಪಕ್ಕೆ ಅಲರ್ಜಿ ಆಗುತ್ತದೆ, ತೀರಾ ಅಪರೂಪಕ್ಕೆ ಅದು ತೀವ್ರವಾಗಿರಬಹುದು. ಆದ್ದರಿಂದ ಡ್ರಿಪ್ ಹಾಕುವಾಗ, ಮುಗಿದ ಮೇಲೂ ಕನಿಷ್ಠ ಅರ್ಧ ಗಂಟೆ, ತುರ್ತು ಔಷಧವಿರುವ ಕಡೆ ನಿಗಾದಲ್ಲಿಡಬೇಕು. ತಂಗಿಗೆ ಮೊದಲು ಯಾವುದಾದರೂ ಇಂಜೆಕ್ಷನ್ನಿಗೆ ಅಲರ್ಜಿಯಾಗಿದ್ದರೆ, ಆಸ್ತಮಾ ಇದ್ದರೆ ಹೇಳಲೇಬೇಕು. ರಕ್ತ ಕಡಿಮೆ ಇರುವವಳಿಂದ ಪರೀಕ್ಷೆಗೆಂದು ಮತ್ತೆ ರಕ್ತ ತೆಗೆಯುತ್ತಾರಲ್ಲ ಎಂದು ಅತ್ತೆಯವರು ಕೇಳಬಹುದು. ಒಂದು ಸಲಕ್ಕೆ ತೆಗೆಯುವುದು ಸಾಮಾನ್ಯವಾಗಿ ಟೀ ಚಮಚದ ಲೆಕ್ಕದಲ್ಲಿ, ಮೈಯಲ್ಲಿರುವುದು ಲೀಟರುಗಟ್ಟಲೆ. ಆದರೂ ಒಟ್ಟು ಎಷ್ಟು ಸಲ, ಎಷ್ಟು ಎಂಎಲ್ ಎಂದು ಫಾರಂನಲ್ಲಿ ಬರೆದಿರಬೇಕು, ನೋಡಿ.

ಅತ್ತೆಯವರ ಭಯವನ್ನು ತಿಳಿವಳಿಕೆಯಿಲ್ಲದ ಮಾತು ಎಂದು ತಳ್ಳಿಹಾಕಬೇಡಿ. ಆ ಭಯಕ್ಕೆ ನಮ್ಮ ದೇಶದಲ್ಲೇ ಕಾರಣಗಳಿವೆ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ, ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು 10ರಿಂದ 14 ವರ್ಷದ ಹುಡುಗಿಯರಿಗೆ ಒಂದು ಯೋಜನೆಯಡಿ ಹಾಕಿದರು. ಖಮ್ಮಂನಲ್ಲಿ ಹಾಸ್ಟೆಲುಗಳಲ್ಲಿದ್ದ ಎಷ್ಟೋ ಬಡ, ಆದಿವಾಸಿ ಹುಡುಗಿಯರ ಪರವಾಗಿ ತಂದೆತಾಯಿಯ ಬದಲು ವಾರ್ಡನ್, ಮುಖ್ಯೋಪಾಧ್ಯಾಯರು ಸಹಿ ಹಾಕಿದ್ದರು. ಏಳು ಹುಡುಗಿಯರು ಬೇರೆ ಬೇರೆ ಸಮಯದಲ್ಲಿ ತೀರಿಕೊಂಡರು. ಸಾವುಗಳಿಗೆ ಲಸಿಕೆ ಕಾರಣವಲ್ಲ ಎಂದು ತನಿಖೆ ಹೇಳಿತು, ಆ ಲಸಿಕೆ ಒಳ್ಳೆಯದೆಂದು ನಾನೂ ನಂಬುತ್ತೇನೆ. ಆದರೆ ಒಪ್ಪಿಗೆ ಪಡೆದ ರೀತಿ ಅನ್ಯಾಯದ್ದು. 2010ರಲ್ಲಿ ಯೋಜನೆ ನಿಂತಿತು, 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಕಟುವಾಗಿ ಟೀಕಿಸಿತು. ಅದರ ನಡುವೆ ಇಂದೋರ್‌ನ ಸ್ವಾಸ್ಥ್ಯ ಅಧಿಕಾರ ಮಂಚ್ ಎಂಬ ಸಂಘಟನೆ ಕ್ಲಿನಿಕಲ್ ಟ್ರಯಲ್‌ಗಳ ಅಕ್ರಮದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಪರಿಹಾರ, ಎಥಿಕ್ಸ್ ಕಮಿಟಿಗಳ (ಅಧ್ಯಯನ ರೋಗಿಗಳಿಗೆ ನ್ಯಾಯವಾಗಿದೆಯೇ ಎಂದು ನೋಡಿ ಒಪ್ಪುವ ಸಮಿತಿಗಳ) ನೋಂದಣಿ, ಕೆಲವು ಟ್ರಯಲ್‌ಗಳಲ್ಲಿ ಒಪ್ಪಿಗೆಯ ವಿಡಿಯೊ ಚಿತ್ರೀಕರಣ, ಇವೆಲ್ಲ ನಿಯಮವಾಗಿ ಬಂದದ್ದು ಈ ಹೋರಾಟಗಳ ನಂತರ. ನಿಮ್ಮ ಕೈಯಲ್ಲಿರುವ ಫಾರಂ ಹನ್ನೆರಡು ಪುಟವಾಗಿರುವುದರಲ್ಲಿ ಆ ಹುಡುಗಿಯರ ಪಾಲೂ ಇದೆ.

ಆದ್ದರಿಂದ ಸಹಿಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ತಂಗಿಗೆ 22 ವರ್ಷ, ಬುದ್ಧಿ ನೆಟ್ಟಗಿದೆ. ಆಕೆಯ ಒಪ್ಪಿಗೆಯ ಬದಲು ಗಂಡನ ಸಹಿ ನಡೆಯುವುದಿಲ್ಲ. ಮನೆಯವರ ಜೊತೆ ಮಾತಾಡಲಿ, ಅತ್ತೆಯ ಮಾತೂ ಕೇಳಲಿ, ಕೊನೆಗೆ ಹೂಂ ಎನ್ನಬೇಕಾದವಳು ಆಕೆ. ಫಾರಂ ಆಕೆಗೆ ಓದಲು ಬರುವ ಭಾಷೆಯಲ್ಲಿರಬೇಕು. ಓದಲು ಬಾರದವರಾದರೆ ಆಸ್ಪತ್ರೆಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಪೂರ್ತಿ ಹೊತ್ತು ಕೂತು, ಎಲ್ಲ ವಿವರಿಸಿದ್ದಾರೆಂದು ಸಹಿ ಹಾಕಬೇಕು. ಸಹಿಯಾದ ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು, ತಾಯಿ ಕಾರ್ಡಿನ ಜೊತೆ ಇಟ್ಟುಕೊಳ್ಳಿ. ಇಂದು ಒಪ್ಪಿ ಮುಂದಿನ ತಿಂಗಳು ಬೇಡವೆನಿಸಿದರೆ ಕಾರಣ ಹೇಳದೆ ಹೊರಬರಬಹುದು. ಅದಕ್ಕಾಗಿ ಹೆರಿಗೆಯಲ್ಲೋ ಔಷಧದಲ್ಲೋ ಭೇದ ಮಾಡುವಂತಿಲ್ಲ.

ನಮ್ಮಲ್ಲಿ ದೊಡ್ಡ ತೊಡಕು ಸಂಕೋಚ. ಚಿಕಿತ್ಸೆ ಕೊಡುವ ಡಾಕ್ಟರೇ ಸ್ಟಡಿಗೂ ಕರೆದರೆ, ಇಲ್ಲ ಎಂದರೆ ಬೇಜಾರಾದಾರು, ನಾಳೆ ಹೆರಿಗೆಗೆ ಅವರ ಹತ್ತಿರವೇ ಬರಬೇಕಲ್ಲ ಎಂದು ಜನ ತಲೆಯಾಡಿಸಿಬಿಡುತ್ತಾರೆ. ಎಥಿಕ್ಸ್ ಕಮಿಟಿಯಲ್ಲಿ ಕೂತು ಒಪ್ಪಿಗೆ ಪತ್ರಗಳನ್ನು ಓದುವಾಗ ನನ್ನನ್ನು ಹೆಚ್ಚು ಕಾಡುವುದು ಕಾಗದದಲ್ಲಿ ಕಾಣದ ಈ ಸಂಕೋಚವೇ. ‘ಮನೆಯಲ್ಲಿ ಮಾತಾಡಿ ಮುಂದಿನ ಸಲ ಹೇಳ್ತೀವಿ ಸರ್’ ಎಂದು ಹೇಳಿ ಎದ್ದು ಬನ್ನಿ. ಅದರಲ್ಲಿ ಅವಿನಯವೇನೂ ಇಲ್ಲ. ಈಗಲೇ ಸಹಿ ಬೇಕು, ಫಾರಂ ಮನೆಗೆ ಕೊಡಲಾಗದು ಎಂದರೆ ಬೇಡ ಎನ್ನಿ. ಸೇರದಿದ್ದರೆ ಇಲ್ಲಿ ನೋಡುವುದಿಲ್ಲ ಎಂದರೂ, ಸ್ಟಡಿಯ ಔಷಧಕ್ಕೋ ಪರೀಕ್ಷೆಗೋ ನಿಮ್ಮಿಂದ ಹಣ ಕೇಳಿದರೂ ಬೇಡ ಎನ್ನಿ.

ಏನೇನು ಕೇಳಬೇಕು? ಎಲ್ಲಕ್ಕಿಂತ ಮೊದಲು, ‘ಸೇರದಿದ್ದರೆ ಇವಳಿಗೆ ಯಾವ ಚಿಕಿತ್ಸೆ ಕೊಡುತ್ತೀರಿ?’ ಎಂದು ಕೇಳಿ. ಆ ಉತ್ತರಕ್ಕಿಂತ ಕಡಿಮೆಯಾದದ್ದು ಸ್ಟಡಿಯ ಯಾವ ಗುಂಪಿಗೂ ಸಿಗಬಾರದು. ಮಾತ್ರೆಯ ಗುಂಪಿಗೆ ಬಿದ್ದು ಎಚ್‌ಬಿ ಏರದಿದ್ದರೆ, ಅಥವಾ 7ಕ್ಕಿಂತ ಕೆಳಗಿಳಿದರೆ ಎಷ್ಟು ದಿನ ಕಾಯುತ್ತೀರಿ, ಆಮೇಲೆ ಏನು ಮಾಡುತ್ತೀರಿ ಎಂದು ಕೇಳಿ. ಒಳ್ಳೆಯ ಅಧ್ಯಯನದಲ್ಲಿ ಇದಕ್ಕೆ ಮೊದಲೇ ಬರೆದಿಟ್ಟ ಉತ್ತರ ಇರುತ್ತದೆ. ಡಾಕ್ಟರ್ ತಡವರಿಸಿದರೆ ನೀವೂ ತಡೆಯಿರಿ. ರಾತ್ರಿ ಹೊತ್ತು ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು, ಆ ನಂಬರಿಗೆ ಮನೆಯಿಂದ ಒಮ್ಮೆ ಕರೆ ಮಾಡಿ ನೋಡಿ. ಅಧ್ಯಯನದಿಂದ ಹಾನಿಯಾದರೆ ಚಿಕಿತ್ಸೆಯ ಖರ್ಚು ಯಾರದು? ಅದನ್ನು ನಡೆಸುವವರೇ ಭರಿಸಬೇಕು, ಬರಹದಲ್ಲಿ ಇರಬೇಕು. ಉಳಿದ ರಕ್ತವನ್ನು ಶೇಖರಿಸಿ ಮುಂದೆ ಬೇರೆ ಸಂಶೋಧನೆಗೆ ಬಳಸುವುದಾದರೆ ಅದಕ್ಕೆ ಬೇರೆಯೇ ಒಪ್ಪಿಗೆ ಕೇಳಬೇಕು. ಅದಕ್ಕೆ ಬೇಡ ಎಂದು ಸ್ಟಡಿಗೆ ಮಾತ್ರ ಹೂಂ ಎನ್ನಲು ಆಗುತ್ತದೆಯೇ ಎಂದೂ ಕೇಳಿ.

ಫಾರಂನಲ್ಲಿ ಸಿಟಿಆರ್‌ಐ ಸಂಖ್ಯೆ ಇದೆಯೇ ನೋಡಿ. ಅದು ದೇಶದ ಕ್ಲಿನಿಕಲ್ ಟ್ರಯಲ್‌ಗಳ ಸಾರ್ವಜನಿಕ ದಾಖಲೆ. 2007ರಲ್ಲಿ ಶುರುವಾಯಿತು, 2009ರ ಜೂನ್ 15ರಿಂದ ನೋಂದಣಿ ಕಡ್ಡಾಯವಾಯಿತು. ಆ ಸಂಖ್ಯೆಯನ್ನು ಸಿಟಿಆರ್‌ಐ ಜಾಲತಾಣದಲ್ಲಿ ಹುಡುಕಿದರೆ ಅಧ್ಯಯನ ಯಾರದು, ಹಣ ಯಾರದು, ಎಷ್ಟು ಜನ, ಯಾವ ಯಾವ ಆಸ್ಪತ್ರೆ, ಯಾವ ಎಥಿಕ್ಸ್ ಕಮಿಟಿ ಒಪ್ಪಿದೆ ಎಲ್ಲವೂ ಕಾಣುತ್ತದೆ. ಮೊದಲೇ ಬರೆದಿಡುವುದರ ಲಾಭ ದೊಡ್ಡದು. ಫಲಿತಾಂಶ ಮನಸ್ಸಿಗೆ ಬಾರದಿದ್ದರೆ ಇಂಥ ಸ್ಟಡಿ ಮಾಡಿಯೇ ಇಲ್ಲ ಎನ್ನಲಾಗದು. ಎಥಿಕ್ಸ್ ಕಮಿಟಿಯಲ್ಲಿ ಡಾಕ್ಟರುಗಳ ಜೊತೆ ಕಾನೂನು ಬಲ್ಲವರು, ಸಾಮಾನ್ಯ ನಾಗರಿಕರೊಬ್ಬರು, ಮಹಿಳಾ ಸದಸ್ಯರು ಇರಬೇಕು. ಅಧ್ಯಕ್ಷರು ಆ ಸಂಸ್ಥೆಗೆ ಸೇರದವರಾಗಿರಬೇಕು. ಸಮಿತಿಯ ಫೋನ್ ನಂಬರು ಫಾರಂನ ಕೊನೆಯ ಪುಟಗಳಲ್ಲಿ ಇರುತ್ತದೆ. ಅದು ನಿಮಗಾಗಿಯೇ ಇರುವುದು. ದೂರು ಇದ್ದರೇ ಕರೆ ಮಾಡಬೇಕೆಂದೇನೂ ಇಲ್ಲ, ಅನುಮಾನವಿದ್ದರೂ ಮಾಡಬಹುದು.

ಬಸುರಿಯನ್ನು ಬಿಟ್ಟು ಬೇರೆಯವರ ಮೇಲೆ ನೋಡಬಾರದೇ ಎಂದು ಅತ್ತೆಯವರು ಕೇಳಿದರೆ, ಬಹಳ ವರ್ಷ ಜಗತ್ತು ಮಾಡಿದ್ದೇ ಅದನ್ನು. 1950ರ ದಶಕದ ಕೊನೆಯಲ್ಲಿ ಥಾಲಿಡೊಮೈಡ್ ಎಂಬ ಮಾತ್ರೆಯನ್ನು ಗರ್ಭಿಣಿಯರಿಗೆ ಸುರಕ್ಷಿತ ಎಂದು ಮಾರಿದರು. ಹತ್ತು ಸಾವಿರಕ್ಕೂ ಹೆಚ್ಚು ಕೂಸುಗಳು ಕೈಕಾಲುಗಳ ಊನದೊಂದಿಗೆ ಹುಟ್ಟಿದವು. ಆ ದುರಂತಕ್ಕೆ ಕಾರಣ ಗರ್ಭಿಣಿಯರಲ್ಲಿ ಸರಿಯಾಗಿ ಪರೀಕ್ಷಿಸದೆ ಮಾರಿದ್ದು. ಆದರೆ ಜಗತ್ತು ಕಲಿತ ಪಾಠ ಗರ್ಭಿಣಿಯರನ್ನು ಅಧ್ಯಯನಗಳಿಂದ ದೂರವಿಡಬೇಕೆಂಬುದು. ಇದರ ಬೆಲೆಯನ್ನು ಕೋವಿಡ್ ಕಾಲದಲ್ಲಿ ಕಂಡೆವು. ಮೊದಲ ಲಸಿಕೆ ಟ್ರಯಲ್‌ಗಳಲ್ಲಿ ಗರ್ಭಿಣಿಯರನ್ನು ಸೇರಿಸಲಿಲ್ಲ. ಮಾಹಿತಿ ಇಲ್ಲವೆಂದು ನಮ್ಮ ದೇಶದಲ್ಲಿ ಅವರಿಗೆ ಲಸಿಕೆಗೆ ಅನುಮತಿ ಸಿಕ್ಕಿದ್ದು 2021ರ ಜುಲೈನಲ್ಲಿ, ಎರಡನೇ ಅಲೆ ಅಷ್ಟೊಂದು ಬಸುರಿಯರನ್ನು ಕಾಡಿದ ಮೇಲೆ.

ಅದೇ ಎರಡನೇ ಅಲೆಯಲ್ಲಿ ಕೋವಿಡ್ ಬಂದು ಗುಣವಾದವರ ರಕ್ತದಿಂದ ತೆಗೆದ ಪ್ಲಾಸ್ಮಾಕ್ಕಾಗಿ ಜನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅಂಗಲಾಚುತ್ತಿದ್ದುದು ನಿಮಗೆ ನೆನಪಿರಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 39 ಆಸ್ಪತ್ರೆಗಳ 464 ರೋಗಿಗಳಲ್ಲಿ ನೋಡಿ, ಪ್ಲಾಸ್ಮಾದಿಂದ ಸಾವೂ ತಗ್ಗುವುದಿಲ್ಲ, ರೋಗ ಉಲ್ಬಣಿಸುವುದೂ ತಗ್ಗುವುದಿಲ್ಲ ಎಂದು 2020ರಲ್ಲೇ ಪ್ರಕಟಿಸಿತ್ತು. ಅಧಿಕೃತ ಮಾರ್ಗಸೂಚಿಯಿಂದ ಅದನ್ನು ತೆಗೆದದ್ದು 2021ರ ಮೇನಲ್ಲಿ. ಆ ನಡುವಿನ ತಿಂಗಳುಗಳಲ್ಲಿ ಕುಟುಂಬಗಳು ಪಟ್ಟ ಪಾಡು ವ್ಯರ್ಥವಾಯಿತು ಎಂದು ಈಗಲೂ ಸಂಕಟವಾಗುತ್ತದೆ. ಉತ್ತರ ಸಿಕ್ಕರೆ ಸಾಲದು, ಅದನ್ನು ಪಾಲಿಸಲೂಬೇಕು.

ಸ್ಟಡಿ ಎಂದರೆ ಔಷಧ ಕಂಪನಿಯದೇ ಎಂಬ ನಂಬಿಕೆಯೂ ಬೇಡ. ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಜಾರ್ಖಂಡಿನಲ್ಲಿ 2,800 ಕ್ಷಯರೋಗಿಗಳ ಕುಟುಂಬಗಳೊಂದಿಗೆ ಒಂದು ಅಧ್ಯಯನ ಮಾಡಿದರು. ಅಲ್ಲಿ ಪರೀಕ್ಷೆಗಿಟ್ಟದ್ದು ಅಕ್ಕಿ, ಬೇಳೆ. ರೋಗಿಯ ಮನೆಯವರಿಗೆ ತಿಂಗಳಿಗೆ ತಲಾ ಐದು ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ ಕೊಟ್ಟರೆ ಅವರಿಗೆ ಕ್ಷಯ ತಗಲುವುದು ಕಡಿಮೆಯಾಗುತ್ತದೆಯೇ ಎಂಬುದು ಪ್ರಶ್ನೆ. ಶೇ 39ರಷ್ಟು ಕಡಿಮೆಯಾಯಿತು. ನನಗೆ ಬಹಳ ಹಿಡಿಸಿದ್ದು ಇನ್ನೊಂದು ಸಂಗತಿ. ಮನೆಯವರಲ್ಲಿ ಎರಡು ಗುಂಪು ಮಾಡಿದರೂ ಕಾಯಿಲೆ ಬಿದ್ದವರಿಗೆ ಎರಡೂ ಗುಂಪಿನಲ್ಲಿ ಆಹಾರದ ಚೀಲ ಕೊಟ್ಟರು, ಹಸಿದ ರೋಗಿಯನ್ನು ಹೋಲಿಕೆಗಾಗಿ ಹಸಿದೇ ಇರಲು ಬಿಡಲಿಲ್ಲ. 2023ರಲ್ಲಿ ಫಲಿತಾಂಶ ಬಂತು, ಮರುವರ್ಷ ಸರ್ಕಾರ ಕ್ಷಯರೋಗಿಗಳ ಪೌಷ್ಟಿಕತೆಗೆ ಕೊಡುವ ತಿಂಗಳ ಹಣವನ್ನು 500 ರೂಪಾಯಿಯಿಂದ 1,000ಕ್ಕೆ ಏರಿಸಿತು. ನಿಮ್ಮ ತಂಗಿಯ ಸ್ಟಡಿಯವರನ್ನೂ ಕೇಳಿ: ಮುಗಿದ ಮೇಲೆ ಫಲಿತಾಂಶ ಏನಾಯಿತು ಎಂದು ನಮಗೆ ತಿಳಿಸುತ್ತೀರಾ? ಪತ್ರಿಕೆಗಳಲ್ಲಿ ಪ್ರಕಟಿಸಿ ಸುಮ್ಮನಾಗುವ ರೂಢಿ ನಮ್ಮವರಲ್ಲಿದೆ. ಮೈಕೊಟ್ಟ ಹೆಣ್ಣುಮಗಳಿಗೆ ಒಂದು ಕಾಗದವೋ ಫೋನ್ ಕರೆಯೋ ಹೋಗುವುದಿಲ್ಲ. ಇದು ಬದಲಾಗಬೇಕು, ಕೇಳುವವರು ಹೆಚ್ಚಾದರೆ ಬದಲಾದೀತು.

ತಂಗಿ ತೀರ್ಮಾನಕ್ಕೆ ಒಂದು ವಾರ ತೆಗೆದುಕೊಂಡರೆ ತೆಗೆದುಕೊಳ್ಳಲಿ, ಆದರೆ ಆ ವಾರ ಔಷಧವಿಲ್ಲದೆ ಕಳೆಯುವುದು ಬೇಡ. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆ ಇದ್ದರೆ ಹೇಳಿದಷ್ಟೇ ನುಂಗಲಿ. ಚಹಾ, ಕಾಫಿ, ಕ್ಯಾಲ್ಸಿಯಂ ಮಾತ್ರೆಯ ಜೊತೆ ಬೇಡ, ಒಂದೆರಡು ಗಂಟೆ ಅಂತರವಿರಲಿ. ನಿಂಬೆ ಶರಬತ್ತಿನ ಜೊತೆ ತೆಗೆದುಕೊಂಡರೆ ಒಳ್ಳೆಯದು. ಸ್ಟಡಿಗೆ ಸೇರುವ ದಿನ, ಇಷ್ಟು ದಿನ ಇಷ್ಟು ಮಾತ್ರೆ ನುಂಗಿದ್ದೇನೆ ಎಂದು ಸರಿಯಾಗಿ ಹೇಳಲಿ, ನುಂಗದಿದ್ದರೆ ನುಂಗಿಲ್ಲ ಎಂದೇ ಹೇಳಲಿ. ನಡೆದರೆ ಏದುಸಿರು, ಎದೆ ಡವಗುಟ್ಟುವುದು, ಮುಖ ಕೈಕಾಲು ಊದುವುದು, ರಕ್ತ ಕಾಣಿಸುವುದು, ಇವುಗಳಲ್ಲಿ ಯಾವುದಾದರೂ ಆದರೆ ಸ್ಟಡಿಯ ಮಾತು ಬದಿಗಿರಲಿ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.